ಅಳಿಯನ ಕೈಗೆ ಕೊಡುವ ಕುಣಿತ

"ಮತ್ತೆ ತಪ್ಪಿದೆ ನೋಡು," ಎಂದು ನಗುನಗುತ್ತಲೇ ಸಾಯಿಕಿರಣ್ ಅಮೂಲ್ಯಳ ಹೆಬ್ಬೆರಳನ್ನು ಹಿಂದಕ್ಕೆ ತಿರುಚಿದ. ನೋವಿಗೆ ಅವಳ ಕಣ್ಣು ಕತ್ತಲಿಟ್ಟಿತು. ನೋಡುವವರ ಪಾಲಿಗೆ ಮಾತ್ರ ಅದು ಸೊಗಸಾಗಿ ವಾಲ್ಟ್ಜ್ ಕುಣಿಯುತ್ತಿದ್ದ ಜೋಡಿ.

"ಸೂಪರ್!" ಡ್ಯಾನ್ಸ್ ಮೇಷ್ಟ್ರು ರಾಮ್‌ಪ್ರಸಾದ್ ತೆಲುಗಿನಲ್ಲಿ ಹೊಗಳಿದರು. "ಆಗೆಲ್ಲ ರೈಲ್ವೆ ಕ್ಲಬ್ಬಿನಲ್ಲಿ ಬಿಳಿ ದೊರೆಗಳಷ್ಟೇ ಕುಣಿಯುತ್ತಿದ್ದರು. ನಮ್ಮ ತಾತ ಕಿಟಕಿಯಲ್ಲಿ ಇಣುಕಿ ಕಲಿತದ್ದು. ಈಗ ನೋಡಿ, ಇದಿಲ್ಲದೆ ನಮ್ಮ ಪಟಮಟ ಬಡಾವಣೆಯಲ್ಲಿ ಒಂದು ಮದುವೆಯೂ ಇಲ್ಲ!"

ಇಬ್ಬರ ಮದುವೆ ಬರುವ ವಾರ. ಕಾರ್ಡು ಹಂಚಿ ಆಗಿತ್ತು. ವಿಶಾಖಪಟ್ಟಣದ ಪೆಂದುರ್ತಿಯ ಹುಡುಗ, ಚಿನ್ನದಂಥವನು ಎಂದು ಅಪ್ಪ ಸಿಕ್ಕವರಿಗೆಲ್ಲ ಹೇಳಿಕೊಂಡಿದ್ದರು. ಈ ಕ್ಲಾಸಿಗೆ ಬರುವ ತನಕ ಅಮೂಲ್ಯಳಿಗೂ ಹಾಗೇ ಅನಿಸಿತ್ತು. ಅವನು ಅವಳ ಕೈ ಮೊದಲು ಹಿಡಿದದ್ದೇ ಇಲ್ಲಿ. ಹೆಜ್ಜೆ ತಪ್ಪಿದ್ದಕ್ಕೇ ಹೀಗಾದರೆ, ನಾಳೆ ಸಾರಿಗೆ ಉಪ್ಪು ಹೆಚ್ಚಾದರೆ? ಕುಣಿಯುವಾಗ ಬೆರಳು ಒತ್ತಿದ ಎಂದರೆ ನಗುವವರೇ ಎಲ್ಲ.

"ನಾರಾಯಣಸ್ವಾಮಿ ಗಾರು, ಈಗ ನೀವು ಬನ್ನಿ. ಮಗಳನ್ನು ಕುಣಿಸುತ್ತಾ ಕರೆತಂದು, ಹಾಡು ಮುಗಿಯುವ ಹೊತ್ತಿಗೆ ಅಳಿಯನ ಕೈಗೆ ಕೊಡಬೇಕು," ಎಂದರು ಮೇಷ್ಟ್ರು.

ಮಂಡ್ಯ ಬಿಟ್ಟು ಇಲ್ಲಿನ ವಿದ್ಯುತ್ ಸ್ಥಾವರದ ಕೆಲಸಕ್ಕೆ ಬಂದ ಅಪ್ಪ ಹಬ್ಬದಲ್ಲೂ ಕುಣಿದವರಲ್ಲ. ಮೊದಲ ಹೆಜ್ಜೆಗೇ ಮಗಳ ಕಾಲು ತುಳಿದರು. "ಅಯ್ಯೋ, ನೋವಾಯ್ತೇನ್ ಮಗ?" ಎಂದು ಗಾಬರಿಯಾದರು. ಅಷ್ಟಕ್ಕೇ ಅವಳ ಕಣ್ಣು ತುಂಬಿ ಬಂತು. ಎದುರಿನ ಗೋಡೆಯ ಬಳಿ ಸಾಯಿಕಿರಣ್ ಕೈ ಚಾಚಿ ನಗುತ್ತಾ ನಿಂತಿದ್ದ. ಒಂದೊಂದು ಸುತ್ತಿಗೂ ಅವನು ಹತ್ತಿರವಾಗುತ್ತಿದ್ದ.

ಅವನಿಗೆ ಕನ್ನಡ ಬಾರದು. ಆ ಹಾಲ್‌ನಲ್ಲಿ ಕನ್ನಡ ಬಲ್ಲವರು ಅಪ್ಪ, ಮಗಳು ಇಬ್ಬರೇ.

"ಅಪ್ಪಾ, ನಂಗೆ ಅವರ ಕೈ ಅಂದ್ರೆ ಭಯ," ಎಂದಳು, ಮುಖದ ಮೇಲಿನ ನಗು ಮಾಸದಂತೆ ನೋಡಿಕೊಂಡು. "ಹೆಜ್ಜೆ ತಪ್ಪಿದಾಗೆಲ್ಲ ಬೆರಳು ತಿರುಚ್ತಾರೆ. ನೋಡಿ."

ನಾರಾಯಣಸ್ವಾಮಿ ತಲೆ ತಗ್ಗಿಸಿ ನೋಡಿದರು. ಹೆಬ್ಬೆರಳು ಊದಿ ಬದನೆಕಾಯಿ ಬಣ್ಣಕ್ಕೆ ತಿರುಗಿತ್ತು. ಅವರ ಕಾಲು ನಿಂತೇಹೋಯಿತು. ಅಮೂಲ್ಯ ಅಪ್ಪನ ಮುಖವನ್ನೇ ನೋಡಿದಳು. ಕಾರ್ಡು, ಛತ್ರ, ಊರಿಂದ ಹೊರಟ ನೆಂಟರು... ಸ್ವಲ್ಪ ಹೊಂದಿಕೊಂಡು ಹೋಗಮ್ಮ ಎಂದುಬಿಟ್ಟರೆ?

"ಹಾಡು ಮುಗಿಯಿತು ಸರ್, ಕೈ ಕೊಡಿ!" ಮೇಷ್ಟ್ರು ಕೂಗಿದರು. ಸಾಯಿಕಿರಣ್ ಮುಂದೆ ಬಂದ.

"ಇನ್ನೊಂದು ಸಲ ಹಾಕಿ ಮೇಷ್ಟ್ರೇ. ನನಗೆ ಸರಿಯಾಗಿ ಬರಲಿಲ್ಲ," ಎಂದರು ಅಪ್ಪ, ತೆಲುಗಿನಲ್ಲಿ.

ಹಾಡು ಮತ್ತೆ ಶುರುವಾಯಿತು. ತಾಳವಿಲ್ಲ, ಲಯವಿಲ್ಲ. ಕಾಲು ತುಳಿಯುತ್ತಲೇ ನಾರಾಯಣಸ್ವಾಮಿ ಮಗಳನ್ನು ಸುತ್ತಿಸುತ್ತಾ, ಸುತ್ತಿಸುತ್ತಾ, ಬಾಗಿಲ ತನಕ ಕರೆತಂದರು.

"ಚಪ್ಪಲಿ ಮೆಟ್ಕೋ ಮಗ," ಎಂದರು ಕನ್ನಡದಲ್ಲಿ.