ಮುಖಾಮುಖಿ ಕಂಡರೆ ಹನ್ನೆರಡು ಡಾಲರ್

ಹೆಬ್ಬಾತು ಪ್ಯಾಂಟಿನ ಹಿಂಭಾಗವನ್ನು ಕಚ್ಚಿ ಹಿಡಿದಾಗ ವರ್ಲಿನ್ ಸ್ಟಾಡರ್ಡ್ ಯಾರದೋ ಮನೆಯ ಹಿಂದಿನ ಕರೆಂಟ್ ಮೀಟರಿನ ಮುಂದೆ ಬಗ್ಗಿ ನಿಂತಿದ್ದ. ಮೀಟರು ಓಡುತ್ತಿದ್ದರೆ ಒಳಗೆ ಜನ ಇದ್ದಾರೆಂದು ಅರ್ಥ. ಆದರೆ ಅದರ ಗಾಜಿನ ಮೇಲೆ ಕಣಜಗಳು ಗೂಡು ಕಟ್ಟಿದ್ದವು. ಮುಂದೆ ಕಣಜ, ಹಿಂದೆ ಬಾತು. ಕೂಗುವ ಹಾಗೂ ಇರಲಿಲ್ಲ, ಓಡುವ ಹಾಗೂ ಇರಲಿಲ್ಲ.

ಗೃಹಸಾಲದ ಕಂತು ಕಟ್ಟದವರ ಮನೆಗಳನ್ನು ಬ್ಯಾಂಕಿನ ಪರವಾಗಿ ನೋಡಿ ಬರುವುದು ಅವನ ಕೆಲಸ. ಜನ ಇದ್ದಾರೋ, ಬಿಟ್ಟು ಹೋಗಿದ್ದಾರೋ, ಅಷ್ಟೇ ಪ್ರಶ್ನೆ. ರಸ್ತೆಯಿಂದಲೇ ನೋಡಿ ಬರೆದರೆ ಮನೆಗೆ ನಾಲ್ಕು ಡಾಲರ್, ಮಾಲೀಕರನ್ನು ಮುಖಾಮುಖಿ ಕಂಡರೆ ಹನ್ನೆರಡು. ಪೆಟ್ರೋಲು ಕೈಯಿಂದ, ಹರಿದ ಪ್ಯಾಂಟೂ ಕೈಯಿಂದ. ಆರು ವರ್ಷಗಳಲ್ಲಿ ಅವನ ಕಡೆಗೆ ಎರಡು ಸಲ ಬಂದೂಕು ತೋರಿಸಿದ್ದರು, ಒಂದು ಸಲ ಬಿಸಿ ಸೂಪು ಎರಚಿದ್ದರು. ಸೂಪು ರುಚಿಯಾಗಿತ್ತು ಎಂದು ಅವನು ಇಂದಿಗೂ ಹೇಳುತ್ತಾನೆ.

ಈ ಮನೆಯ ಜೆ. ಪ್ರೂವಿಟ್ ಮಾತ್ರ ಐದು ತಿಂಗಳಿಂದ ಕಣ್ಣಿಗೆ ಬಿದ್ದಿರಲಿಲ್ಲ. ಗಂಡೋ ಹೆಣ್ಣೋ ಎನ್ನುವುದು ಕೂಡ ಕಾಗದದಲ್ಲಿ ಇರಲಿಲ್ಲ. ಆದರೆ ಯಾರೋ ಇದ್ದಾರೆನ್ನುವುದು ಖಾತ್ರಿ. ಪ್ರತಿ ತಿಂಗಳೂ ಹುಲ್ಲಿನಲ್ಲಿ ಹೊಸದಾಗಿ ತುಳಿದ ಹಾದಿ, ಕೆಸರಿನಲ್ಲಿ ಬೂಟಿನ ಗುರುತು. ಇವತ್ತಂತೂ ತಿರುವಿನ ಚರ್ಚಿನ ಹಿಂದೆ ಒಂದು ಹಳೇ ಕಾರು ನಿಂತಿತ್ತು. ಬಾಕಿ ಉಳಿಸಿಕೊಂಡವರು ಜಪ್ತಿಯವರಿಗೆ ಹೆದರಿ ಕಾರನ್ನು ದೂರದಲ್ಲಿ ಅಡಗಿಸುವುದು ಅವನಿಗೆ ಗೊತ್ತಿಲ್ಲದ್ದೇನಲ್ಲ. ಅವನೂ ತನ್ನ ಕಾರನ್ನು ಅದರ ಪಕ್ಕದಲ್ಲೇ ನಿಲ್ಲಿಸಿದ್ದ. ಮನೆಯೆದುರು ನಿಲ್ಲಿಸಿ ಎರಡು ಸಲ ಗಾಜು ಒಡೆಸಿಕೊಂಡಿದ್ದು ಸಾಕಾಗಿತ್ತು.

ಬೆಳಿಗ್ಗೆ ಕಚೇರಿಯಿಂದ ರೆನೀಟಾ ಫೋನ್ ಮಾಡಿದ್ದಳು. "ಇವತ್ತು ಮುಖ ನೋಡ್ಕೊಂಡೇ ಬರ್ಬೇಕು ವರ್ಲಿನ್. ಇಲ್ಲಾಂದ್ರೆ ನಿನ್ನ ಕೌಂಟೀನ ಬೇರೆಯವರಿಗೆ ಕೊಡ್ತಾರೆ. ನನ್ ಕೈಲಿ ಏನೂ ಇಲ್ಲ."

ಅವನ ಪಾಲಿಗೆ ಬಿಟ್ಟ ಕೌಂಟಿ, ಅಂದರೆ ಜಿಲ್ಲೆ, ಹೋದರೆ ಕೆಲಸವೇ ಹೋದ ಹಾಗೆ. ಐವತ್ತೆಂಟರಲ್ಲಿ ಇನ್ನೊಂದು ಕೆಲಸ ಯಾರು ಕೊಡುತ್ತಾರೆ? ವರ್ಲಿನ್‌ಗೆ ನಿಜಕ್ಕೂ ಭಯವಾಗಿತ್ತು.

ಅಷ್ಟರಲ್ಲಿ ಎಲ್ಲೋ ತಗಡು ಬಡಿದ ಸದ್ದು. ಬಾತು ಪ್ಯಾಂಟಿನ ಜೇಬನ್ನೂ, ಅದರಲ್ಲಿದ್ದ ಬ್ಯಾಂಕಿನ ಚೀಟಿಗಳನ್ನೂ ಕಿತ್ತುಕೊಂಡು ಪೊದೆಗೆ ಓಡಿತು.

ತಿರುಗಿ ನೋಡಿದರೆ ಹಿಂಬಾಗಿಲ ಮೆಟ್ಟಿಲ ಮೇಲೆ ಅರವತ್ತರ ಆಸುಪಾಸಿನ ಹೆಂಗಸೊಬ್ಬಳು ಕೂತಿದ್ದಳು. ಬರಿಗಾಲು, ಪಕ್ಕದಲ್ಲಿ ಬಿಚ್ಚಿಟ್ಟ ಬೂಟು, ಕಾಫಿ ಫ್ಲಾಸ್ಕು, ಕೈಯಲ್ಲಿ ಕಸದ ಡಬ್ಬಿಯ ಮುಚ್ಚಳ. ತನ್ನ ಮನೆಯಲ್ಲಿ ಕೂತವರ ನಿರಾಳ ಅವಳಲ್ಲಿತ್ತು. ಕೊನೆಗೂ ಸಿಕ್ಕಳಲ್ಲ ಎಂದು ವರ್ಲಿನ್‌ನ ಎದೆ ಹಗುರಾಯಿತು.

"ಗಾಬರಿ ಆಗ್ಬೇಡಿ ಸರ್," ಎಂದಳು ಅವಳು. "ಇಲ್ಲಿ ಯಾರೂ ಜಗಳಕ್ಕೆ ಬಂದಿಲ್ಲ."

"ನಾನೂ ಅಷ್ಟೇ ಮೇಡಂ."

ಸಾಲದ ವಿಷಯವನ್ನು ಸಾಲಗಾರರ ಹೊರತು ಬೇರೆ ಯಾರ ಮುಂದೆಯೂ ಎತ್ತಬಾರದೆಂಬುದು ನಿಯಮ. ಆದ್ದರಿಂದ ಅವನು ಮೊದಲು ಬಿಸಿಲಿನ ಮಾತಾಡಿದ. ಅವಳೂ ಬಿಸಿಲಿನ ಮಾತನ್ನೇ ಆಡಿದಳು. ಹೆಸರು ಕೇಳಿದ. ಮೊದಲು ನಿಮ್ಮದು ಹೇಳಿ ಎಂದಳು. ಇಬ್ಬರೂ ಹೇಳಲಿಲ್ಲ.

"ಈ ಮನೆ..." ಎಂದು ಅವನು ರಾಗ ಎಳೆದ.

"ನಂದಲ್ಲ ಸರ್."

ವರ್ಲಿನ್‌ಗೆ ನಗು ತಡೆಯಲಾಗಲಿಲ್ಲ. ಬ್ಯಾಂಕಿನವರೆಂಬ ವಾಸನೆ ಬಡಿದರೆ ಸಾಕು, ಹತ್ತರಲ್ಲಿ ಒಂಬತ್ತು ಮಂದಿ ತಮ್ಮ ಮನೆಯನ್ನೇ ತಮ್ಮದಲ್ಲ ಅನ್ನುತ್ತಾರೆ. ಒಬ್ಬನಂತೂ ಸ್ವಂತ ಹೆಂಡತಿಯನ್ನೇ ಪಕ್ಕದ ಮನೆಯವಳು ಅಂದಿದ್ದ.

"ಹಾಗಾದ್ರೆ ನಂದೂ ಅಲ್ಲ ಬಿಡಿ," ಎಂದ. ಅವಳೂ ನಕ್ಕಳು. ಒಬ್ಬರನ್ನೊಬ್ಬರು ಚೆನ್ನಾಗಿ ಅರ್ಥ ಮಾಡಿಕೊಂಡವರ ನಗು ಅದು.

ಅವಳ ಪಾದಗಳು ಊದಿದ್ದವು. ಅಂಗಿಯ ತೋಳಿಗೆ ತೇಪೆ ಹಾಕಿತ್ತು. ವರ್ಲಿನ್‌ಗೆ ಕರುಳು ಚುರ್ ಎಂದಿತು. ತನ್ನ ಮಧ್ಯಾಹ್ನದ ಸ್ಯಾಂಡ್‌ವಿಚ್ಚನ್ನು ಮುರಿದು ಅರ್ಧ ಕೊಟ್ಟ. ಬೇಡ ಬೇಡ ಎನ್ನುತ್ತಲೇ ಅವಳು ಅದನ್ನು ಮೂರು ತುತ್ತಿಗೆ ಮುಗಿಸಿ, ಫ್ಲಾಸ್ಕಿನ ಮುಚ್ಚಳದಲ್ಲಿ ಅವನಿಗೆ ಕಾಫಿ ಬಗ್ಗಿಸಿದಳು.

"ತುಂಬಾ ಕಷ್ಟಾನಾ ಸರ್?" ಅವಳ ದನಿ ಮೆತ್ತಗಿತ್ತು.

ಆರು ವರ್ಷಗಳಲ್ಲಿ ಅವನನ್ನು ಹೀಗೆ ಕೇಳಿದವರೇ ಇರಲಿಲ್ಲ. "ತಿಂಗಳು ದೂಡೋದೇ ಕಷ್ಟ ಮೇಡಂ. ಇರೋದು ಇದೊಂದು. ಇವತ್ತೋ ನಾಳೆಯೋ ಇದನ್ನೂ ಕಿತ್ಕೋತಾರೆ ಅನ್ನೋ ಭಯ."

ಅವಳು ಕಣ್ಣೊರೆಸಿಕೊಂಡಳು. ತನ್ನ ಕಷ್ಟವೇ ಹಾಸಿ ಹೊದೆಯುವಷ್ಟಿರುವಾಗ ಪರರಿಗಾಗಿ ಅಳುವ ಹೆಂಗಸು! ಇಂಥವಳನ್ನು ಬೀದಿಗೆ ತಳ್ಳುವುದೇ? ವರ್ಲಿನ್ ನಿಯಮ ಗಿಯಮ ಬದಿಗಿಟ್ಟ.

"ಬ್ಯಾಂಕಿಗೆ ಒಂದು ಫೋನ್ ಮಾಡಿ ಮೇಡಂ. ಅವರೂ ಮನುಷ್ಯರೇ, ಏನಾದ್ರೂ ದಾರಿ ತೋರಿಸ್ತಾರೆ."

"ನಾನೂ ಅದನ್ನೇ ಹೇಳೋಣ ಅಂತಿದ್ದೆ," ಎಂದಳು ಅವಳು.

ಹಾಗಿದ್ದರೆ ಕಟ್ಟುವ ಮನಸ್ಸಿದೆ. ವರ್ಲಿನ್ ಎರಡೂ ಕೈಗಳಿಂದ ಅವಳ ಕೈ ಕುಲುಕಿ, ಹರಿದ ಪ್ಯಾಂಟಿಗೆ ಟೋಪಿ ಅಡ್ಡ ಹಿಡಿದು ಹೊರಟ. ಕಾರಿನಲ್ಲಿ ಕೂತು ವರದಿ ಬರೆದ. ಮನೆಯಲ್ಲಿ ಜನ ಇದ್ದಾರೆ, ಮಾಲೀಕಳು ಮುಖಾಮುಖಿ ಸಿಕ್ಕಿದಳು, ಒಳ್ಳೆಯ ಹೆಂಗಸು, ಸ್ವಲ್ಪ ಕಾಲಾವಕಾಶ ಕೊಡಿ. ಕರುಣೆಗೆಂದು ಆ ನಮೂನೆಯಲ್ಲಿ ಜಾಗವೇ ಇರಲಿಲ್ಲ. 'ಇತರೆ' ಎಂಬಲ್ಲಿ ತುರುಕಿದ.

ನಾಲ್ಕು ಗಂಟೆಗೆ ರೆನೀಟಾಳ ಫೋನು ಬಂತು. ಅವನ ಕೌಂಟಿ ಉಳಿಯುವಂತಿತ್ತು, ಆದರೆ ಒಂದು ಸಣ್ಣ ತೊಡಕು ಎಂದಳು. ಆ ಮನೆಯ ಮೇಲೆ ಇನ್ನೊಂದು ಬ್ಯಾಂಕಿನ ಸಾಲವೂ ಇದೆ. ಐದು ತಿಂಗಳಿಂದ ಅವರ ಕಡೆಯ ಇನ್ಸ್‌ಪೆಕ್ಟರಮ್ಮನೂ ಅಲ್ಲಿಗೆ ಹೋಗುತ್ತಿದ್ದಾಳೆ. ಅವಳಿಗೂ ಇವತ್ತೇ ಜೆ. ಪ್ರೂವಿಟ್ ಸಿಕ್ಕಿದ್ದಾರೆ. ಅವಳ ವರದಿಯನ್ನೂ ಆ ಬ್ಯಾಂಕಿನವರು ಕಳಿಸಿದ್ದಾರೆ, ಎರಡೂ ತಾಳೆಯಾಗುತ್ತಿಲ್ಲ.

"ಅವಳು ಬರೆದಿರೋದು ಓದ್ತೀನಿ, ಕೇಳು," ಎಂದಳು ರೆನೀಟಾ. "'ಮಾಲೀಕ ಉದ್ದನೆಯ ಬಡಕಲು ಆಸಾಮಿ. ಪ್ಯಾಂಟಿಗೆ ಹಿಂಭಾಗವಿಲ್ಲ. ಮನೆ ಕಾಯಲು ಹೆಬ್ಬಾತು ಸಾಕಿದ್ದಾನೆ. ದಯವಿಟ್ಟು ಕಾಲಾವಕಾಶ ಕೊಡಿ. ಪಾಪ, ಅವನಿಗೆ ಯಾವ ಕೆಲಸವೂ ಇದ್ದ ಹಾಗಿಲ್ಲ.'"