ಬಿಲದೊಳಗಿನ ಬಿಸುಪು

ಮುಳ್ಳುಹಂದಿಯ ಹಳೆಯ ಬಿಲದ ಬಾಯಲ್ಲಿ ಪುಟ್ಟಸಿದ್ದಮ್ಮ ಬೋರಲು ಮಲಗಿ, ಭುಜದವರೆಗೂ ಕೈಯನ್ನು ಒಳಗೆ ಬಿಟ್ಟು, ಯಾರೊಂದಿಗೋ ಮೆಲ್ಲಗೆ ಮಾತಾಡುತ್ತಿದ್ದಳು. “ಇನ್ನೆಂಟು ದಿನ ತಡ್ಕೊ. ಆಮ್ಯಾಕೆ ಎದ್ದು ಓಡಾಡೀಯಂತೆ.” ಲಂಟಾನದ ಪೊದೆಯ ಮರೆಯಲ್ಲಿ ನಿಂತಿದ್ದ ಅವಳ ಗಂಡ ಚಲುವಯ್ಯನಿಗೆ ಒಂದೊಂದು ಮಾತೂ ಕೇಳಿಸಿತು. ಕೈಯಲ್ಲಿದ್ದ ಹಾರೆಯನ್ನು ಅವನು ಗಟ್ಟಿಯಾಗಿ ಹಿಡಿದುಕೊಂಡ.

ಗಾಡಿಯಲ್ಲಿ ಬಿದಿರು ಹೇರಿಕೊಂಡು ಮೈಸೂರಿಗೆ ಹೋಗಿದ್ದವನು ವಾರದ ಮೇಲೆ ಅಂದು ಬೆಳಗ್ಗೆ ಊರಿಗೆ ಬಂದಿದ್ದ. ಎತ್ತುಗಳ ನೊಗ ಇಳಿಸುವ ಮೊದಲೇ ಪಕ್ಕದ ಮನೆಯ ಶಿವರುದ್ರಮ್ಮ ಬಂದು, ನಿನ್ನ ಹೆಂಡತಿ ದಿನಾ ಬೆಳಗ್ಗೆ ಕಾಡಿಗೆ ಹೋದರೆ ಮಧ್ಯಾಹ್ನವಾದರೂ ಬರುವುದಿಲ್ಲ, ತರುವುದು ಮಾತ್ರ ಒಂದು ಹಿಡಿ ಸೌದೆ ಎಂದಿದ್ದಳು. ಅಷ್ಟು ಸಾಕಾಗಿತ್ತು. ಅವನು ಅಂತರಸಂತೆಗೆ ಹೋಗಿ, ಗಂಧದ ಕಳ್ಳನೊಬ್ಬ ಕಾಡಿನಲ್ಲಿ ಅಡಗಿದ್ದಾನೆ ಎಂದು ಹೇಳಿ ಫಾರೆಸ್ಟ್ ಗಾರ್ಡ್ ಮಹದೇವಪ್ಪನನ್ನು ಕರೆತಂದಿದ್ದ. ಹೆಂಡತಿಯ ವಿಷಯ ಎನ್ನಲು ಬಾಯಿ ಬಂದಿರಲಿಲ್ಲ.

“ಯಾರಮ್ಮಿ ಒಳಗೆ?” ಎನ್ನುತ್ತ ಚಲುವಯ್ಯ ಮುಂದೆ ಬಂದ.

ಪುಟ್ಟಸಿದ್ದಮ್ಮ ಬೆಚ್ಚಿ ಎದ್ದು ಕುಳಿತಳು. ಕೆನ್ನೆಗೆ ಮಣ್ಣು ಮೆತ್ತಿತ್ತು. “ಹೆಬ್ಬಾವು,” ಎಂದಳು.

“ಹೆಬ್ಬಾವಿನ ಕೂಡೆ ಮಾತಾಡ್ತಿದ್ಯಾ?”

“ಮೊಟ್ಟೆ ಸುತ್ಕೊಂಡು ಕುಂತದೆ. ನಾನು ಕಂಡಾಗಿಂದ ಎದ್ದಿಲ್ಲ, ಏನೂ ತಿಂದಿಲ್ಲ. ಮುಟ್ಟಿದ್ರೆ ಬೆಚ್ಚಗದೆ ಕಣ್ರೀ. ಮಳೆ ಬಿದ್ದು ನೆಲ ತಣ್ಣಗಾದಷ್ಟೂ ಅದು ಬೆಚ್ಚಗಾಯ್ತದೆ. ನೀವು ಬಂದ್ಮೇಲೆ ಯೋಳನ ಅಂತಿದ್ದೆ.”

ಮಹದೇವಪ್ಪ ಎದೆಯ ಮೇಲಿನ ಇಲಾಖೆಯ ಬಿಲ್ಲೆಯನ್ನು ಸರಿಮಾಡಿಕೊಳ್ಳುತ್ತ ನಕ್ಕ. “ಇಪ್ಪತ್ತು ವರ್ಷದಿಂದ ಈ ಕಾಡಲ್ಲಿ ತಿರುಗ್ತಾ ಇವ್ನಿ. ಹಾವಿನ ಮೈ ಬೆಚ್ಚಗಿರ್ತದೆ ಅಂತ ಇವತ್ತೇ ಕೇಳಿದ್ದು. ಕೈ ಬುಟ್ಟು ನೋಡು ಚಲುವಯ್ಯ. ತಣ್ಣಗಿದ್ರೆ ಹಾವು, ಬೆಚ್ಚಗಿದ್ರೆ ಆಳು.”

ಚಲುವಯ್ಯ ಹಾರೆಯನ್ನು ಪಕ್ಕಕ್ಕಿಟ್ಟು ಬಿಲದೊಳಕ್ಕೆ ಕೈ ಬಿಟ್ಟ. ಹಿಂದಿನ ಸಂಜೆ ಆಲಿಕಲ್ಲಿನ ಮಳೆ ಬಿದ್ದಿತ್ತು. ಮಣ್ಣಿನ ತಣುವು ಮೊಣಕೈಗೆ ಕೊರೆಯಿತು. ಇನ್ನಷ್ಟು ಒಳಗೆ ಚಾಚಿದಾಗ ಬೆರಳ ತುದಿಗೆ ಏನೋ ತಾಗಿತು. ನುಣುಪಾದ, ಒಣಗಿದ, ದುಂಡನೆಯ ಮೈ. ಜ್ವರ ಬಂದವನ ತೋಳಿನಂತೆ ಬೆಚ್ಚಗಿತ್ತು. ಒಂದು ಗಳಿಗೆ ಸುಮ್ಮನಿದ್ದು ಮತ್ತೆ ಅದುರುತ್ತಿತ್ತು, ಮತ್ತೆ ಸುಮ್ಮನಾಗುತ್ತಿತ್ತು. ಅವನು ಸರಕ್ಕನೆ ಕೈ ಎಳೆದುಕೊಂಡ.

“ಆಳೇ. ಎದರ್ಕೊಂಡು ನಡುಗ್ತಾ ಅವ್ನೆ.”

“ನಡುಗೋದು ಅದೇ ಕಣ್ರೀ. ಅಂಗೆ ನಡುಗಿ ನಡುಗೀನೇ ಮೈ ಬಿಸಿ ಮಾಡ್ಕೊಳ್ಳದು. ನಿಮ್ ಕಾಲಿಗೆ ಬೀಳ್ತೀನಿ, ಅಗೀಬ್ಯಾಡಿ,” ಎಂದು ಪುಟ್ಟಸಿದ್ದಮ್ಮ ಬಿಲದ ಬಾಯಿಗೆ ಅಡ್ಡವಾಗಿ ಕುಳಿತಳು. ಮದುವೆಯಾಗಿ ಒಂಬತ್ತು ವರ್ಷದಲ್ಲಿ ಅವಳು ಯಾವುದಕ್ಕೂ ಹೀಗೆ ಅಂಗಲಾಚಿದ್ದನ್ನು ಚಲುವಯ್ಯ ಕಂಡಿರಲಿಲ್ಲ. ಒಳಗಿರುವುದು ಹಾವೇ ಇರಬಹುದೇನೋ ಎಂದು ಅವನಲ್ಲಿ ಉಳಿದಿದ್ದ ಒಂದಿಷ್ಟು ಅನುಮಾನವೂ ಅದರಿಂದಲೇ ತೀರಿಹೋಯಿತು. ತೋಳು ಹಿಡಿದು ಅವಳನ್ನು ಆಚೆ ಎಳೆದ.

ಮಹದೇವಪ್ಪ ಬಿಲದ ಕಡೆ ಬಗ್ಗಿ ಕೂಗಿದ. “ಲೋ, ಈಚೆಗೆ ಬಾ. ಬಂದ್ರೆ ಒಡೆಯಕಿಲ್ಲ, ಅಮಲ್ದಾರ್ರ ಕಚೇರಿಗೆ ಕರ್ಕೊಂಡೋಯ್ತೀನಿ ಅಷ್ಟೆ.” ಒಳಗಿನಿಂದ ಉಸಿರೂ ಬರಲಿಲ್ಲ. ಚಲುವಯ್ಯ ಹಾರೆ ಎತ್ತಿ ಬಿಲದ ಮೇಲ್ಮಣ್ಣಿಗೆ ಹೊಡೆದ. ನೆನೆದ ಮಣ್ಣು ಮೂರೇ ಏಟಿಗೆ ಕುಸಿದು ಒಳಕ್ಕೆ ಬೆಳಕು ಬಿತ್ತು.

ತೊಡೆಯಷ್ಟು ದಪ್ಪನೆಯ ಹೆಬ್ಬಾವು ಸುರುಳಿ ಸುತ್ತಿಕೊಂಡಿತ್ತು. ಸುರುಳಿಯ ಸಂದಿನಲ್ಲಿ ಬಿಳಿಯ ಮೊಟ್ಟೆಗಳು ಒತ್ತೊತ್ತಾಗಿ ಕಾಣುತ್ತಿದ್ದವು. ಅದು ತಲೆ ಎತ್ತಿ ಬುಸುಗುಟ್ಟಿ ಹಾರೆಯ ಮೇಲೆ ಎರಗಿತು. ಚಲುವಯ್ಯ ಹಾರೆ ಬಿಟ್ಟು ಕೆಸರಿನಲ್ಲಿ ಅಂಗಾತ ಬಿದ್ದ. ಅಷ್ಟರಲ್ಲಿ ಇಪ್ಪತ್ತು ಮಾರು ಹಿಂದಕ್ಕೆ ಹೋಗಿದ್ದ ಮಹದೇವಪ್ಪ, “ನಿನ್ ಗಂಧದ ಕಳ್ಳನ ನೀನೇ ಕಟ್ಟಾಕ್ಕೊಂಡೋಗು ಕಣಯ್ಯ,” ಎಂದು ಹೇಳಿ, ನಗುತ್ತ ದಾರಿ ಹಿಡಿದ.

ಪುಟ್ಟಸಿದ್ದಮ್ಮ ಸೊಪ್ಪಿನ ಕೊಂಬೆಗಳನ್ನು ಮುರಿದು ತಂದು ಕುಸಿದ ಜಾಗಕ್ಕೆ ಒಂದೊಂದಾಗಿ ಹೊದಿಸಿದಳು. ಅವಳ ಕೈ ಅಷ್ಟು ಹತ್ತಿರ ಬಂದರೂ ಹಾವು ತಲೆಯನ್ನು ಮೆಲ್ಲಗೆ ಸುರುಳಿಯ ಮೇಲಿಟ್ಟುಕೊಂಡು ಸುಮ್ಮನಾಯಿತು. ಚಲುವಯ್ಯ ಅದನ್ನೇ ನೋಡುತ್ತ ನಿಂತಿದ್ದ.

ಮನೆಗೆ ಬರುವಾಗ ಅರ್ಧ ದಾರಿಯಲ್ಲಿ ಅವನು ಕೇಳಿದ: “ನನ್ ಮ್ಯಾಲೆ ಬಿತ್ತು. ನಿಂಗ್ಯಾಕೆ ಏನೂ ಮಾಡ್ನಿಲ್ಲ?”

“ನಾನು ಹಾರೆ ತಕ್ಕೊಂಡೋಗಿರ್ನಿಲ್ಲ.”

ಆ ಉತ್ತರ ಅವನಿಗೆ ಸಾಲಲಿಲ್ಲ. ಬಿಲದಲ್ಲಿ ಗಂಡಸು ಇರಲಿಲ್ಲವೆನ್ನುವುದು ಖಾತ್ರಿಯಾಗಿತ್ತು. ಆದರೆ ಯಾರ ಕೈಗೂ ಬೆಚ್ಚಗಾಗದ ಹಾವು ಇವಳು ಹೋಗಿ ಬಂದ ಮೇಲೆ ಬೆಚ್ಚಗಾಗಿದ್ದು ಹೇಗೆ? ಅದು ಇವಳ ಮಾತು ಕೇಳುವುದೆಂದರೇನು? ಇವಳು ಮಾಟಮದ್ದು ಏನಾದರೂ ಕಲಿತಿದ್ದಾಳೆಯೇ? ಅವನು ಬೇಕೆಂದೇ ನಾಲ್ಕು ಹೆಜ್ಜೆ ಹಿಂದೆ ಉಳಿದು ನಡೆದ.

ಅಂದು ಸಂಜೆ ಪುಟ್ಟಸಿದ್ದಮ್ಮ ಮುದ್ದೆ, ಉಪ್ಸಾರು ಬಡಿಸಿದಳು. ಚಲುವಯ್ಯ ತಟ್ಟೆ ಮುಟ್ಟಲಿಲ್ಲ. “ಮೊದ್ಲು ನೀನೊಂದು ತುತ್ತು ತಿನ್ನು,” ಎಂದ. ಅವಳು ಅವನ ಮುಖ ನೋಡಿದಳು. ಒಂದು ತುತ್ತು ಮುರಿದು ನುಂಗಿದಳು. ಅವಳ ಗಂಟಲನ್ನೇ ನೋಡುತ್ತ ಸ್ವಲ್ಪ ಹೊತ್ತು ಕಾದು, ಆಮೇಲೆ ಅವನು ಉಂಡ. ಮಾರನೆಯ ದಿನವೂ ಹಾಗೇ ಆಯಿತು.

ಮೂರನೆಯ ದಿನ ಅವನು ಬಾಯಿ ತೆರೆಯುವ ಮೊದಲೇ ಅವಳು ತಟ್ಟೆಯನ್ನು ತನ್ನ ಕಡೆಗೆ ಎಳೆದುಕೊಂಡಳು. ಅವಸರವಿಲ್ಲದೆ ಮುದ್ದೆಯನ್ನೆಲ್ಲ ತಿಂದು ಮುಗಿಸಿದಳು. ತಟ್ಟೆಯನ್ನು ತೊಳೆದು ತಂದು ಅವನ ಮುಂದೆ ಬೋರಲು ಹಾಕಿದಳು.