ಅತ್ತಿಗೆ ತಿರುಗಿಸಿದ ವಾಲ್ವ್

ಅತ್ತಿಗೆ ಮತ್ತೆ ವಾಲ್ವ್‌ಗೆ ಕೈ ಹಾಕಿದಳು. ಎಣ್ಣೆ ಮೀಟರಿನ ಮುಳ್ಳು ಕೆಂಪು ಗೆರೆಯಿಂದ ಕೆಳಗಿಳಿಯಿತು. ಲ್ಯಾಬಿನ ಕಿಟಕಿಯ ಹಿಂದಿದ್ದ ನಾದಿನಿ ಅದನ್ನು ಮೊಬೈಲಿನಲ್ಲಿ ಸೆರೆಹಿಡಿದಳು.

ರಸ್ತೆಯಿಂದ ಕೆತ್ತಿ ತಂದ ಹಳೆಯ ಡಾಂಬರಿಗೆ ಮತ್ತೆ ಜೀವ ಬರುವುದು ಆ ಎಣ್ಣೆಯಿಂದ. ಕಡಿಮೆಯಾದರೆ ಹೊಸ ರಸ್ತೆ ಬಿರುಕು ಬಿಡುತ್ತದೆ, ಹೆಚ್ಚಾದರೆ ಚಕ್ರದಡಿ ಕುಸಿಯುತ್ತದೆ. ಕೆಲಸ ಶುರುವಾಗುವ ಮೊದಲೇ ಹಳೆಯ ರಾಶಿಯನ್ನು ಪರೀಕ್ಷಿಸಿ, ಆ ಗೆರೆ ಎಳೆಸಿದವಳು ನಾದಿನಿ. ಡಾಂಬರು ಪ್ಲಾಂಟಿನ ಯಂತ್ರ ನಡೆಸುವವಳು ಅತ್ತಿಗೆ. ಇಬ್ಬರಿಗೂ ಒಂದೇ ಅಡುಗೆಮನೆ. ಅಗತ್ಯಕ್ಕಿಂತ ಹೆಚ್ಚು ಮಾತು ಬಿಟ್ಟು ಬಹಳ ಕಾಲವಾಗಿತ್ತು.

ವಾಲ್ವ್ ಇಳಿಸಿದರೂ ಡ್ರಮ್ಮುಗಳು ಮಾತ್ರ ಹೊತ್ತಿಗೆ ಸರಿಯಾಗಿ ಖಾಲಿಯಾಗುತ್ತಿದ್ದವು. ಉಳಿದ ಎಣ್ಣೆ ಎಲ್ಲಿಗೆ ಹೋಯಿತು? ಹೊರಗೆ ಮಾರುತ್ತಿದ್ದಾಳೆ, ಇನ್ನೇನು. ಮಿಶ್ರಣ ದಿನವೂ ಪರೀಕ್ಷೆಯಲ್ಲಿ ಪಾಸಾಗುತ್ತಿದ್ದುದಕ್ಕೂ ನಾದಿನಿಯ ಬಳಿ ಉತ್ತರವಿತ್ತು: ಲ್ಯಾಬಿಗೆಂದೇ ಒಂದು ಬುಟ್ಟಿ ಬೇರೆ ಕಲಸಿ ಕಳಿಸುತ್ತಾಳೆ.

ಮನೆಯಲ್ಲಿ ಅಣ್ಣನ ಅಂಗಿಗೂ ಅದೇ ಎಣ್ಣೆಯ ವಾಸನೆ.

"ಅವನ ಅಂಗಿ ನಿಮ್ಮ ಬಟ್ಟೆ ಜೊತೆ ಒಗೀಬೇಡಿ," ಎಂದಿದ್ದಳು ನಾದಿನಿ.

"ಅವರ ಅಂಗಿ ಬೇರೇನೇ ಒಗೆಯೋದು," ಎಂದಿದ್ದಳು ಅತ್ತಿಗೆ.

ಅಣ್ಣ ಅದೇ ಪ್ಲಾಂಟಿನಲ್ಲಿ ರಾಶಿ ಎತ್ತಿ ಹಾಕುವ ಲೋಡರ್ ಓಡಿಸುತ್ತಿದ್ದ. ಬಿಸಿಲಿಗೆ ಅಂಟಿಕೊಂಡ ಹಳೆಯ ಡಾಂಬರನ್ನು ಕೆದಕಲು ಉಳಿದವರು ಹೆಣಗಾಡಿದರೆ, ಅವನು ಮುಟ್ಟಿದ ರಾಶಿ ತಾನಾಗಿ ಉದುರುತ್ತಿತ್ತು. ಕೈಗುಣ ಎನ್ನುತ್ತಿದ್ದ ಮ್ಯಾನೇಜರ್. ತಂಗಿ ಹಿಗ್ಗುತ್ತಿದ್ದಳು. ಇಂಥವನಿಗೆ ಇಂಥ ಹೆಂಡತಿ.

ಮ್ಯಾನೇಜರ್ ವೀಡಿಯೊ ನೋಡಿ, ಅತ್ತಿಗೆಯನ್ನು ಕರೆಸಿದ.

"ಎಣ್ಣೆ ಇಳಿಸಿದ್ದು ಹೌದಾ?"

"ಹೌದು."

"ಯಾಕೆ?"

ಅತ್ತಿಗೆ ನಾದಿನಿಯತ್ತ ತಿರುಗಿದಳು. "ಹೇಳಿದ್ರೆ ಇವಳಿಗೆ ಊಟ ಸೇರಲ್ಲ. ಬಿಡಿ ಸಾರ್."

"ನಾಟಕ ಸಾಕು ಅತ್ತಿಗೆ. ಮಾಲು ಯಾರಿಗೆ ಮಾರಿದ್ರಿ?"

"ಮನೇಲೇ ಹುಡುಕು. ನಿನ್ನ ಮೂಗು ಚುರುಕಲ್ವಾ."

ಅವತ್ತೇ ಅತ್ತಿಗೆಯ ಕೆಲಸ ಹೋಯಿತು. ಹೆಲ್ಮೆಟ್ಟನ್ನು ಮೇಜಿನ ಮೇಲಿಟ್ಟು, ಯಾರನ್ನೂ ನೋಡದೆ ಗೇಟು ದಾಟಿದಳು.

ಮರುದಿನ ನಾದಿನಿಯೇ ನಿಂತು ಮುಳ್ಳನ್ನು ಕೆಂಪು ಗೆರೆಗೆ ಕೂರಿಸಿದಳು. ಒಂದು ಕೂದಲೆಳೆ ಆಚೀಚೆ ಇಲ್ಲ. ಮಧ್ಯಾಹ್ನದ ಹೊತ್ತಿಗೆ ರಸ್ತೆಯಿಂದ ಮೇಸ್ತ್ರಿಯ ಫೋನ್ ಬಂತು.

"ರೋಲರ್ ಹೂತುಕೊಳ್ತಿದೆ ಮೇಡಂ. ರಸ್ತೆ ಹಾಕ್ತಿದ್ದೀವೋ, ಕೆಸರು ತುಳೀತಿದ್ದೀವೋ? ಎಷ್ಟು ಎಣ್ಣೆ ಸುರಿದ್ರಿ?"

"ಬೇಕಾದಷ್ಟೇ."

"ಹಾಗಾದ್ರೆ ಆ ಯಮ್ಮನ್ನೇ ವಾಪಸ್ ಕರೀರಿ."

ನಾದಿನಿ ಫೋನ್ ಇಟ್ಟಳು. ಗೆರೆ ಅವಳದು, ತಪ್ಪಾಗಿದ್ದರೆ ಅವಳ ಕೆಲಸವೂ ಉಳಿಯುವುದಿಲ್ಲ. ಹಳೆಯ ಡಾಂಬರನ್ನೇ ಮತ್ತೊಮ್ಮೆ ಪರೀಕ್ಷಿಸೋಣವೆಂದು ಬಕೆಟ್ ಹಿಡಿದು ಅಂಗಳಕ್ಕೆ ಓಡಿದಳು.

ರಾಶಿಯ ಹಿಂದೆ ಲೋಡರ್ ನಿಲ್ಲಿಸಿಕೊಂಡು, ಗಟ್ಟಿ ಹೆಂಟೆಗಳು ಸಡಿಲವಾಗಲೆಂದು, ಅಣ್ಣ ಡ್ರಮ್ಮಿನಿಂದ ತೆಗೆದ ಅದೇ ಎಣ್ಣೆಯನ್ನು ಕ್ಯಾನಿನಿಂದ ಅದರ ಮೇಲೆ ಗಿಡಕ್ಕೆ ನೀರು ಹಾಕುವ ಹಾಗೆ ನಿಧಾನವಾಗಿ ಸುರಿಯುತ್ತಿದ್ದ.